ಜೆಆರ್‌ಡಿ ಟಾಟಾ ಎಳೆದ ಆಕಾಶದ ಗೆರೆ, ಅದರ ಕೆಳಗಿದ್ದ ನಮ್ಮ ಬಳ್ಳಾರಿ

ಜೆಆರ್‌ಡಿ ಟಾಟಾ ಅಂದ ತಕ್ಷಣ ಕನ್ನಡದ ಓದುಗರಿಗೆ ನೆನಪಾಗುವುದು ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡ್ ಪ್ರಸಂಗ. ಹೆಣ್ಣುಮಕ್ಕಳು ಅರ್ಜಿ ಹಾಕುವುದು ಬೇಡ ಅಂತ ಟೆಲ್ಕೋ ಕಂಪನಿ ಜಾಹೀರಾತು ಕೊಟ್ಟಿದ್ದು, ಸಿಟ್ಟಿಗೆದ್ದ ವಿದ್ಯಾರ್ಥಿನಿ ನೇರವಾಗಿ ಜೆಆರ್‌ಡಿಗೇ ಕಾರ್ಡ್ ಬರೆದಿದ್ದು, ಕೊನೆಗೆ ಕೆಲಸ ಸಿಕ್ಕಿದ್ದು. ಈ ಕಥೆ ವಾಟ್ಸಾಪ್‌ನಲ್ಲಿ ಅದೆಷ್ಟು ಸಲ ಸುತ್ತಿದೆಯೋ ಲೆಕ್ಕವಿಲ್ಲ. ದೊಡ್ಡ ಮನುಷ್ಯ ಸಣ್ಣವರ ಮಾತು ಕೇಳಿಸಿಕೊಂಡ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಎಲ್ಲರಿಗೂ ಸಮಾಧಾನ.

ನನಗೆ ಈ ಮನುಷ್ಯನಲ್ಲಿ ಆಸಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. 1932ರ ಅಕ್ಟೋಬರ್‌ನಲ್ಲಿ ಅವರು ಶುರು ಮಾಡಿದ ದೇಶದ ಮೊದಲ ನಿಯಮಿತ ವಿಮಾನ ಅಂಚೆ ಸೇವೆಯ ದಾರಿ ಹೀಗಿತ್ತು: ಕರಾಚಿ, ಅಹಮದಾಬಾದ್, ಬಾಂಬೆ, ಬಳ್ಳಾರಿ, ಮದ್ರಾಸ್. ಹೌದು, ನಮ್ಮ ಬಳ್ಳಾರಿ. ಬೆಂಗಳೂರಲ್ಲ, ಮೈಸೂರಲ್ಲ, ಹುಬ್ಬಳ್ಳಿಯೂ ಅಲ್ಲ. ನಾನು ಹರಪನಹಳ್ಳಿ ತಾಲೂಕಿನ ತೆಲಿಗಿಯವನು. ಆಗ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಎಲ್ಲವೂ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅಂದರೆ ಭಾರತದ ನಾಗರಿಕ ವಿಮಾನಯಾನ ಹುಟ್ಟಿದ ವಾರದಲ್ಲೇ ನಮ್ಮ ಜಿಲ್ಲೆಯಲ್ಲಿ ವಿಮಾನ ಇಳಿದಿತ್ತು. ಇವತ್ತು ಅದೇ ಬಳ್ಳಾರಿ ನಗರಕ್ಕೆ ವಿಮಾನವಿಲ್ಲ. ನಡುವಿನ ತೊಂಬತ್ತು ಚಿಲ್ಲರೆ ವರ್ಷಗಳಲ್ಲಿ ಏನಾಯಿತು ಅಂತ ತಿಳಿಯಬೇಕಾದರೆ ಜೆಆರ್‌ಡಿಯ ಬದುಕನ್ನು ಹಾರಾಟದ ಕಿಲೋಮೀಟರ್ ಮತ್ತು ಗಂಟೆಗಳ ಲೆಕ್ಕದಲ್ಲಿ ಓದಬೇಕು.

ಸಮುದ್ರ ದಂಡೆಯ ಹುಡುಗ

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಆರ್.ಡಿ. ಟಾಟಾ ಪಾರ್ಸಿ, ಜಮ್‌ಶೆಟ್‌ಜಿ ಟಾಟಾರ ದಾಯಾದಿ ಮತ್ತು ವ್ಯಾಪಾರದ ಪಾಲುದಾರ. ಅಮ್ಮ ಸುಜಾನ್ ಬ್ರಿಯೇರ್ ಫ್ರೆಂಚ್ ಮಹಿಳೆ, ಮದುವೆಯಾದ ಮೇಲೆ ಸೂನಿ ಎಂದು ಹೆಸರಿಟ್ಟುಕೊಂಡವರು. ಹುಡುಗನ ಬಾಲ್ಯ ಫ್ರಾನ್ಸ್, ಬಾಂಬೆ, ಜಪಾನ್ ಅಂತ ಹಡಗುಗಳಲ್ಲೇ ಓಡಾಡಿತು. ಮಾತೃಭಾಷೆ ಅಂದರೆ ಫ್ರೆಂಚ್.

ಬೇಸಿಗೆ ರಜೆಗೆ ಕುಟುಂಬ ಉತ್ತರ ಫ್ರಾನ್ಸಿನ ಆರ್ದೆಲೋ ಎಂಬ ಸಮುದ್ರ ದಂಡೆಗೆ ಹೋಗುತ್ತಿತ್ತು. ಅಲ್ಲಿ ನೆರೆಮನೆಯವರು ಲೂಯಿ ಬ್ಲೇರಿಯೋ. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊದಲ ಬಾರಿಗೆ ದಾಟಿದವನು ಇದೇ ಬ್ಲೇರಿಯೋ. ಮರಳಿನ ದಂಡೆಯ ಮೇಲೆ ವಿಮಾನಗಳು ಇಳಿಯುವುದನ್ನು ನೋಡುತ್ತಾ ಬೆಳೆದ ಹುಡುಗ, ಹದಿನೈದನೇ ವಯಸ್ಸಿಗೆ ಅಲ್ಲೇ ದುಡ್ಡು ಕೊಟ್ಟು ಒಂದು ಸುತ್ತು ಹಾರಿಬಂದ. ಪೈಲಟ್ ಆಗಬೇಕು ಅಂತ ಆಗಲೇ ನಿಶ್ಚಯ ಮಾಡಿಕೊಂಡನಂತೆ. ಆ ವಯಸ್ಸಿನಲ್ಲಿ ನಮ್ಮ ಕಡೆಯ ಹುಡುಗರೂ ಏನೇನೋ ಆಗಬೇಕು ಅಂದುಕೊಳ್ಳುತ್ತಾರೆ. ಅಂದುಕೊಂಡದ್ದು ಆಗುವುದಕ್ಕೆ ಯಾವ ಮನೆಯಲ್ಲಿ ಹುಟ್ಟಿದಿರಿ ಎಂಬುದೂ ಮುಖ್ಯ. ಜೆಆರ್‌ಡಿಯ ಬಗ್ಗೆ ಬರೆಯುವಾಗ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ.

1923ರಲ್ಲಿ ಅಮ್ಮ ತೀರಿಕೊಂಡರು. ಫ್ರೆಂಚ್ ಪ್ರಜೆಯಾದ್ದರಿಂದ ಅಲ್ಲಿನ ಸೈನ್ಯದಲ್ಲಿ ಒಂದು ವರ್ಷ ಕಡ್ಡಾಯ ಸೇವೆ ಮಾಡಿದ. ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದುವ ಆಸೆಯಿತ್ತು. ಆದರೆ 1925ರಲ್ಲಿ ಅಪ್ಪ ಬಾಂಬೆಗೆ ಕರೆಸಿಕೊಂಡು ಟಾಟಾ ಕಂಪನಿಯಲ್ಲಿ ಸಂಬಳವಿಲ್ಲದ ಅಪ್ರೆಂಟಿಸ್ ಆಗಿ ಕೂರಿಸಿದರು. ಮರುವರ್ಷವೇ ಅಪ್ಪನೂ ಹೋದರು. ಇಪ್ಪತ್ತೆರಡರ ಹುಡುಗನ ಹೆಗಲ ಮೇಲೆ ತಮ್ಮಂದಿರು, ಅಕ್ಕ-ತಂಗಿ, ಸಾಲ ಎಲ್ಲಾ ಬಂದವು. ಕಾಲೇಜು ಡಿಗ್ರಿ ಇಲ್ಲ ಎಂಬ ಕೊರಗು ಕೊನೆಯವರೆಗೂ ಇತ್ತು. 1929ರಲ್ಲಿ ಫ್ರೆಂಚ್ ಪೌರತ್ವ ಬಿಟ್ಟುಕೊಟ್ಟರು.

ಲೈಸೆನ್ಸ್ ನಂಬರ್ 1

ಅದೇ 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಜೆಆರ್‌ಡಿ ಕೈಗೆ ಬಂತು. ಅದರ ಮೇಲೆ ನಂಬರ್ 1 ಎಂದೇ ಇತ್ತು.

ಆಮೇಲೆ ಬಂದದ್ದು ಆಗಾಖಾನ್ ಬಹುಮಾನ. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ಹಾರಿ, ನಿಗದಿತ ಅವಧಿಯೊಳಗೆ ಮುಟ್ಟುವ ಮೊದಲ ಭಾರತೀಯನಿಗೆ 500 ಪೌಂಡ್. ಮೂವರು ಕಣಕ್ಕಿಳಿದರು. ಅಸ್ಪಿ ಇಂಜಿನಿಯರ್ ಎಂಬ ಹದಿಹರೆಯದ ಹುಡುಗ ಇಂಗ್ಲೆಂಡಿನಿಂದ ಈ ಕಡೆ ಹೊರಟ. ಮನಮೋಹನ್ ಸಿಂಗ್ ಎಂಬ ಪೈಲಟ್ ಕೂಡ ಆ ಕಡೆಯಿಂದಲೇ ಬಂದ. ಜೆಆರ್‌ಡಿ 1930ರ ಮೇ ತಿಂಗಳಲ್ಲಿ ಕರಾಚಿಯಿಂದ ಆ ಕಡೆ ಹೊರಟರು. ಈಜಿಪ್ಟಿನ ಅಬೂಕಿರ್‌ನಲ್ಲಿ ಇಳಿದಾಗ ಅಲ್ಲಿ ಅಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಹಾಕಿಕೊಂಡಿದ್ದ. ಜೆಆರ್‌ಡಿ ತಮ್ಮ ಹತ್ತಿರವಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು. ಅಸ್ಪಿ ಕರಾಚಿ ಮುಟ್ಟಿ ಬಹುಮಾನ ಗೆದ್ದ. ಮನಮೋಹನ್ ಸಿಂಗ್‌ಗೆ ಅವಧಿ ಮೀರಿದ್ದರಿಂದ ತಪ್ಪಿತು. ಜೆಆರ್‌ಡಿ ಸೋತರು. ಆ ಅಸ್ಪಿ ಇಂಜಿನಿಯರ್ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಇದು ಒಳ್ಳೆಯ ಕಥೆ. ಆದರೆ ಅದೇ ಮೇ ತಿಂಗಳಲ್ಲಿ ಕೆಳಗೆ ನೆಲದ ಮೇಲೆ ಏನು ನಡೆಯುತ್ತಿತ್ತು? ಉಪ್ಪಿನ ಸತ್ಯಾಗ್ರಹ. ಮೇ 5ಕ್ಕೆ ಗಾಂಧಿ ಬಂಧನ. ಧಾರಾಸಣದಲ್ಲಿ ಸತ್ಯಾಗ್ರಹಿಗಳ ತಲೆ ಒಡೆಯುತ್ತಿತ್ತು. ಗಾಂಧಿ ದಂಡಿಗೆ ಸುಮಾರು 385 ಕಿ.ಮೀ. ದಾರಿಯನ್ನು 24 ದಿನ ನಡೆದು ಮುಟ್ಟಿದ್ದರು. ಜೆಆರ್‌ಡಿಯ ಪುಟ್ಟ ವಿಮಾನಕ್ಕೆ ಅದು ಮೂರು ಗಂಟೆಯ ದಾರಿಯೂ ಅಲ್ಲ. ಒಬ್ಬರಿಗೆ ಬೇಗ ಮುಟ್ಟುವುದೇ ಸಾಧನೆ, ಇನ್ನೊಬ್ಬರಿಗೆ ನಿಧಾನ ಹೋಗುವುದೇ ರಾಜಕೀಯ. ದಾರಿಯ ಊರೂರಲ್ಲಿ ಜನ ಸೇರಬೇಕಿತ್ತಲ್ಲ. ಎರಡೂ ಒಂದೇ ದೇಶದ ಒಂದೇ ವರ್ಷದ ಮಾತು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

1932ರ ಅಕ್ಟೋಬರ್ 15

ಲಂಡನ್‌ನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ 1929ರಲ್ಲೇ ಅಂಚೆ ತರುತ್ತಿತ್ತು. ಕರಾಚಿಯಿಂದ ಮುಂದಕ್ಕೆ ಕಾಗದಗಳು ರೈಲು ಹತ್ತಬೇಕಿತ್ತು. ಈ ಉಳಿದ ದಾರಿಯನ್ನೂ ಆಕಾಶದಲ್ಲೇ ಮುಗಿಸಬಹುದು ಅಂತ ಯೋಜನೆ ಹೊತ್ತು ಬಂದವನು ನೆವಿಲ್ ವಿನ್ಸೆಂಟ್, ಬ್ರಿಟನ್ನಿನ ವಾಯುಪಡೆಯಲ್ಲಿದ್ದ ದಕ್ಷಿಣ ಆಫ್ರಿಕಾದ ಪೈಲಟ್. ಜೆಆರ್‌ಡಿಗೆ ಕೂಡಲೇ ಹಿಡಿಸಿತು. ಹಿರಿಯ ದೊರಾಬ್‌ಜಿ ಟಾಟಾರನ್ನು ಒಪ್ಪಿಸುವುದು ಕಷ್ಟವಾಯಿತು, ಆದರೂ ಒಪ್ಪಿದರು. ಸರ್ಕಾರ ಸಬ್ಸಿಡಿ ಕೊಡುವುದಿಲ್ಲ ಅಂತು. ಎರಡು ಲಕ್ಷ ರೂಪಾಯಿ ಬಂಡವಾಳ, ಎರಡು ಪುಟ್ಟ ಪಸ್ ಮಾತ್ ವಿಮಾನ. ಇಷ್ಟೇ ಟಾಟಾ ಏರ್ ಮೇಲ್.

ಅಕ್ಟೋಬರ್ 15ರ ಬೆಳಗ್ಗೆ 6.35ಕ್ಕೆ ಜೆಆರ್‌ಡಿ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಎದ್ದರು. ಜೊತೆಗಿದ್ದದ್ದು ಸುಮಾರು 25 ಕಿಲೋ ಅಂಚೆ ಚೀಲ. ರೇಡಿಯೋ ಇಲ್ಲ, ದಾರಿ ತೋರಿಸುವ ಯಂತ್ರವಿಲ್ಲ. ಅಹಮದಾಬಾದ್‌ನಲ್ಲಿ ಇಳಿದಾಗ ಎತ್ತಿನ ಗಾಡಿಯಲ್ಲಿ ಬಂದ ಡಬ್ಬಿಗಳಿಂದ ಪೆಟ್ರೋಲ್ ತುಂಬಿಸಿಕೊಂಡರು. ಮಧ್ಯಾಹ್ನ 1.50ಕ್ಕೆ ಬಾಂಬೆಯ ಜುಹು ಮೈದಾನದಲ್ಲಿ ಇಳಿದರು.

ಲೆಕ್ಕ ಹಾಕಿ ನೋಡಿ. ಕರಾಚಿಯಿಂದ ಅಹಮದಾಬಾದ್ ಸುಮಾರು 590 ಕಿ.ಮೀ., ಅಲ್ಲಿಂದ ಬಾಂಬೆ 440 ಕಿ.ಮೀ. ಒಟ್ಟು 1,030. ಸಮಯ ಏಳೂಕಾಲು ಗಂಟೆ. ನಿಂತ ಹೊತ್ತೂ ಸೇರಿ ಗಂಟೆಗೆ ನೂರಾ ನಲವತ್ತು ಕಿ.ಮೀ. ಇವತ್ತು ಹೆದ್ದಾರಿಯಲ್ಲಿ ಸ್ಲೀಪರ್ ಬಸ್ ಓಡುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಆದರೂ ಆ ಕಾಲದ ರೈಲಿನ ಮುಂದೆ ಅದು ಮಿಂಚು.

ಜುಹುವಿನಿಂದ ಮುಂದಿನ ಪಯಣ ವಿನ್ಸೆಂಟ್‌ನದು. ಅವನು ಅಂಚೆ ಹೊತ್ತು ಬಳ್ಳಾರಿ ಮಾರ್ಗವಾಗಿ ಹೋಗಿ ಮರುದಿನ ಮದ್ರಾಸ್ ಮುಟ್ಟಿದ. ಬಳ್ಳಾರಿಯೇ ಯಾಕೆ? ದಂಡು ಇದ್ದ ಊರು, ಜಿಲ್ಲಾ ಕೇಂದ್ರ ಎಂಬುದೆಲ್ಲ ಸರಿ. ನನಗೆ ಹೆಚ್ಚು ಮನವರಿಕೆಯಾಗಿದ್ದು ಭೂಪಟ. ಬಾಂಬೆಯಿಂದ ಮದ್ರಾಸಿಗೆ ನೇರ ಗೆರೆ ಎಳೆದರೆ ಸುಮಾರು 1,035 ಕಿ.ಮೀ. ಬಳ್ಳಾರಿಗೆ ಹೋಗಿ ಹೋದರೆ 615 ಮತ್ತು 430 ಸೇರಿ 1,045. ಅಂದರೆ ಸುತ್ತು ಬರೀ ಹತ್ತು ಕಿ.ಮೀ. ನಮ್ಮ ಬಳ್ಳಾರಿ ಆ ಗೆರೆಯ ಮೇಲೇ ಕೂತಿದೆ. ಪೆಟ್ರೋಲ್ ಟ್ಯಾಂಕ್ ಸಣ್ಣದಿದ್ದ ಕಾಲದಲ್ಲಿ ನಡುವೆ ಎಲ್ಲಾದರೂ ಇಳಿಯಲೇಬೇಕು. ಇಳಿಯುವುದಾದರೆ ದಾರಿ ತಪ್ಪಿಸದ ಊರೇ ಬೇಕು. ವಿಮಾನಕ್ಕೆ ಬಳ್ಳಾರಿ ಸಿಕ್ಕಿದ್ದು ಯಾರ ಶಿಫಾರಸಿನಿಂದಲೂ ಅಲ್ಲ, ರೇಖಾಗಣಿತದಿಂದ.

ಆ ಹೊತ್ತಿಗೆ ಪೂನಾ ಒಪ್ಪಂದಕ್ಕೆ ಸಹಿ ಬಿದ್ದು ಮೂರು ವಾರವಾಗಿತ್ತು. ಅಂಬೇಡ್ಕರ್ ಮತ್ತು ಗಾಂಧಿ ನಡುವಿನ ಆ ಸಂಘರ್ಷ ದೇಶದ ಮುಂದಿನ ರಾಜಕೀಯವನ್ನೇ ತಿದ್ದಿತು. ಗಾಂಧಿ ಇನ್ನೂ ಯೆರವಡಾ ಜೈಲಿನಲ್ಲಿದ್ದರು. ನಮ್ಮ ಬಳ್ಳಾರಿಯ ಅಲ್ಲೀಪುರ ಜೈಲು ರಾಜಕೀಯ ಕೈದಿಗಳನ್ನು ಇಡುವುದಕ್ಕೇ ಹೆಸರಾಗಿತ್ತು. ಅದೇ ಊರಿನಲ್ಲಿ ಸಾಹೇಬರ, ವರ್ತಕರ ಕಾಗದ ಹೊತ್ತ ವಿಮಾನ ಇಳಿಯುತ್ತಿತ್ತು. ಬೇಗ ಮುಟ್ಟಬೇಕಾದ ಸುದ್ದಿ ಯಾರದು ಅನ್ನುವುದನ್ನು ಆಗಲೂ ದುಡ್ಡು ಮತ್ತು ಅಧಿಕಾರವೇ ತೀರ್ಮಾನಿಸುತ್ತಿದ್ದವು.

ಮೊದಲ ವರ್ಷ ಆ ಪುಟ್ಟ ವಿಮಾನಗಳು 1,60,000 ಮೈಲಿ ಹಾರಿದವು. ಹತ್ತು ಟನ್‌ನಷ್ಟು ಅಂಚೆ, 155 ಪ್ರಯಾಣಿಕರು, 60,000 ರೂಪಾಯಿ ಲಾಭ. ಜುಹುವಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತಿದ್ದರಿಂದ ಆಗ ಪೂನಾಕ್ಕೆ ಬಿಡಾರ ಬದಲಾಯಿಸುತ್ತಿದ್ದರು. ಸಬ್ಸಿಡಿ ಇಲ್ಲದೆ, ಹೊತ್ತು ತಪ್ಪದೆ ಸೇವೆ ನಡೆಯಿತು. ಇದು ನಿಜವಾದ ಸಾಧನೆ, ಇದನ್ನು ಕಡಿಮೆ ಮಾಡಿ ಹೇಳಬೇಕಿಲ್ಲ.

ಗೆರೆ ಬಾಗಿದ್ದು ಹೇಗೆ

ಆದರೆ 1930ರ ದಶಕ ಮುಗಿಯುವ ಹೊತ್ತಿಗೆ ಟಾಟಾ ವಿಮಾನಗಳ ವೇಳಾಪಟ್ಟಿಯಲ್ಲಿ ಬಾಂಬೆ ಮತ್ತು ಮದ್ರಾಸ್ ನಡುವೆ ಇದ್ದ ಊರು ಹೈದರಾಬಾದ್. ಹೈದರಾಬಾದ್ ಮೇಲೆ ಹೋದರೆ ಒಟ್ಟು ದೂರ ಸುಮಾರು 1,150 ಕಿ.ಮೀ. ನೇರ ಗೆರೆಗಿಂತ ನೂರು ಕಿ.ಮೀ.ಗೂ ಹೆಚ್ಚು ಸುತ್ತು. ಆದರೂ ಹೋದರು. ಯಾಕೆಂದರೆ ಅಲ್ಲಿ ನಿಜಾಮರ ರಾಜಧಾನಿ ಇತ್ತು, ಪ್ರಯಾಣಿಕರಿದ್ದರು, ದುಡ್ಡಿತ್ತು. ಬಳ್ಳಾರಿಯಲ್ಲಿ ಏನಿತ್ತು? ಬಿಸಿಲು, ಹತ್ತಿ, ಜೈಲು. ಅಂಚೆ ಚೀಲಕ್ಕೆ ನೇರ ದಾರಿ ಸಾಕು, ಟಿಕೆಟ್ ಕೊಳ್ಳುವ ಪ್ರಯಾಣಿಕನಿಗೆ ವಿಮಾನವೇ ಸುತ್ತು ಹೊಡೆದು ಬರುತ್ತದೆ.

ಇದು ವಿಮಾನಯಾನದ ಮೊದಲ ಪಾಠ, ಇವತ್ತಿಗೂ ನಿಜ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವುದು ಭೂಮಿಯ ಗೋಳದ ಮೇಲಿನ ಅತಿ ಹತ್ತಿರದ ಗೆರೆಯ ಉದ್ದ. ವಿಮಾನ ಆ ಗೆರೆಯ ಮೇಲೇ ಹಾರುವುದು ಕಡಿಮೆ. ನಿಗದಿತ ವಾಯುಮಾರ್ಗ ಹಿಡಿಯಬೇಕು, ಸೇನೆಯ ನಿಷೇಧಿತ ಪ್ರದೇಶ ಬಿಟ್ಟು ಹೋಗಬೇಕು, ಮಳೆಮೋಡ ಕಂಡರೆ ಬಳಸಬೇಕು. ಸಮಯವೂ ಹಾಗೇ. ಟಿಕೆಟ್ ಮೇಲೆ ಅಚ್ಚಾಗುವ ಸಮಯದಲ್ಲಿ ನಿಲ್ದಾಣದ ಗೇಟಿನಿಂದ ಹೊರಟು ರನ್‌ವೇವರೆಗೆ ತೆವಳುವುದು, ಕ್ಯೂನಲ್ಲಿ ನಿಲ್ಲುವುದು, ಇಳಿದ ಮೇಲೆ ಮತ್ತೆ ಗೇಟಿಗೆ ಬರುವುದು ಎಲ್ಲಾ ಸೇರಿರುತ್ತದೆ. ಮುಂಬೈ–ಬೆಂಗಳೂರು ಸುಮಾರು 830 ಕಿ.ಮೀ. ಜೆಟ್ ವಿಮಾನ ಗಾಳಿಯಲ್ಲಿರುವುದು ಒಂದೂಕಾಲು ಗಂಟೆ ಆಸುಪಾಸು, ಟಿಕೆಟ್ ಹೇಳುವುದು ಒಂದೂಮುಕ್ಕಾಲು. ಜೊತೆಗೆ ಗಾಳಿಯ ಆಟ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯಿಂದಾಗಿ ಮುಂಬೈನಿಂದ ಲಂಡನ್‌ಗೆ ಹೋಗುವುದಕ್ಕೆ ಬರುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಇದೆಲ್ಲ ತಾಂತ್ರಿಕ ಮಾತು. ಇದರ ಮೇಲೆ ರಾಜಕೀಯದ ಸುತ್ತು ಬೇರೆ.

ಎರಡು ತಿಂಗಳು, ಎರಡು ವರ್ಗಾವಣೆ

1938ರಲ್ಲಿ, 34ನೇ ವಯಸ್ಸಿಗೆ, ಜೆಆರ್‌ಡಿ ಟಾಟಾ ಸನ್ಸ್‌ನ ಅಧ್ಯಕ್ಷರಾದರು. 1991ರವರೆಗೂ ಆ ಕುರ್ಚಿಯಲ್ಲಿದ್ದರು. ಯುದ್ಧದ ಕಾಲದಲ್ಲಿ, 1942ರಲ್ಲಿ, ಗೆಳೆಯ ವಿನ್ಸೆಂಟ್ ಇಂಗ್ಲೆಂಡಿನಿಂದ ಹೊರಟ ಸೇನಾ ವಿಮಾನದಲ್ಲಿ ಕಣ್ಮರೆಯಾದ. ಬಳ್ಳಾರಿಗೆ ಮೊದಲ ಅಂಚೆ ವಿಮಾನ ತಂದವನ ಹೆಸರಿನಲ್ಲಿ ನಮ್ಮಲ್ಲಿ ಒಂದು ಕಲ್ಲೂ ಇದ್ದಂತೆ ನಾನು ಕಂಡಿಲ್ಲ.

1944ರಲ್ಲಿ ಜೆಆರ್‌ಡಿ, ಬಿರ್ಲಾ ಮೊದಲಾದ ಉದ್ಯಮಿಗಳು ಸೇರಿ ಬಾಂಬೆ ಯೋಜನೆ ಎಂಬ ದಾಖಲೆ ತಂದರು. ಸ್ವತಂತ್ರ ಭಾರತದ ಆರ್ಥಿಕತೆಯಲ್ಲಿ ಸರ್ಕಾರಕ್ಕೆ ದೊಡ್ಡ ಪಾತ್ರ ಬೇಕು, ಯೋಜನೆ ಬೇಕು ಅಂತ ಬಂಡವಾಳಿಗರೇ ಬರೆದ ದಾಖಲೆ ಅದು. ಇವತ್ತು ಸರ್ಕಾರ ಎಲ್ಲದರಿಂದ ಕೈ ತೊಳೆದುಕೊಳ್ಳಲಿ ಅನ್ನುವವರು ಒಮ್ಮೆ ಅದನ್ನು ಓದಬೇಕು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮಲಬಾರ್ ಪ್ರಿನ್ಸೆಸ್ ಬಾಂಬೆಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್‌ಗೆ ಹೊರಟಿತು. ಐದು ಸಾವಿರ ಮೈಲಿ, ಸುಮಾರು 24 ಗಂಟೆ. ಹದಿನಾರು ವರ್ಷದ ಹಿಂದೆ ಎತ್ತಿನ ಗಾಡಿಯ ಪೆಟ್ರೋಲ್ ನಂಬಿದ್ದ ಕಂಪನಿ ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ ಯುರೋಪ್ ಮುಟ್ಟಿತು. ಅದರಲ್ಲಿ ಸರ್ಕಾರದ ಪಾಲು ಶೇ. 49. ಎರಡೇ ವರ್ಷಕ್ಕೆ, 1950ರ ನವೆಂಬರ್‌ನಲ್ಲಿ, ಅದೇ ವಿಮಾನ ಆಲ್ಪ್ಸ್‌ನ ಮೋಂ ಬ್ಲಾಂ ಶಿಖರಕ್ಕೆ ಬಡಿದು 48 ಜನ ಸತ್ತರು.

ದೇಶದೊಳಗೆ ಪರಿಸ್ಥಿತಿ ಬೇರೆಯಿತ್ತು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಡಕೋಟಾ ವಿಮಾನಗಳನ್ನು ಕೊಂಡು ಕಂಪನಿ ಮೇಲೆ ಕಂಪನಿ ಹುಟ್ಟಿದವು. ಸರ್ಕಾರ ಲೈಸೆನ್ಸ್ ಹಂಚಿತು, ಎಲ್ಲರೂ ನಷ್ಟಕ್ಕೆ ಬಿದ್ದರು. 1953ರಲ್ಲಿ ಕಾನೂನು ಬಂದು ಆಗಸ್ಟ್ 1ಕ್ಕೆ ವಿಮಾನಯಾನ ರಾಷ್ಟ್ರೀಕರಣವಾಯಿತು. ತಮ್ಮನ್ನು ಸರಿಯಾಗಿ ಕೇಳದೆ ಮಾಡಿದರು ಅಂತ ಜೆಆರ್‌ಡಿಗೆ ನೋವಿತ್ತು, ನೆಹರೂ ಅವರಿಗೆ ನೇರವಾಗಿ ತಿಳಿಸಿದರು. ಆದರೂ ಏರ್ ಇಂಡಿಯಾದ ಅಧ್ಯಕ್ಷ ಸ್ಥಾನ ಒಪ್ಪಿಕೊಂಡು 25 ವರ್ಷ ಸಂಬಳವಿಲ್ಲದೆ ನಡೆಸಿದರು.

ಅದಾಗಿ ಸರಿಯಾಗಿ ಎರಡು ತಿಂಗಳಿಗೆ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿ ಜಿಲ್ಲೆಯೂ ಕೈ ಬದಲಾಯಿಸಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಕನ್ನಡದ ಮನೆಗೆ ಬಂದೆವು ಎಂಬ ಸಂತೋಷ ದೊಡ್ಡದು, ಅದಕ್ಕಾಗಿ ಜನ ಹೋರಾಡಿದ್ದರು. ಆದರೆ ಮದ್ರಾಸಿನ ದಾರಿಯ ನಡುವೆ ಇದ್ದ ಊರು ಬೆಂಗಳೂರಿನ ಲೆಕ್ಕದಲ್ಲಿ ಅಂಚಿನ ಊರಾಯಿತು. ಆಮೇಲೆ ನಮ್ಮ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಇದ್ದಲ್ಲೇ ಇದೆ, ಜಿಲ್ಲಾ ಕಚೇರಿಯ ದೂರ ಮಾತ್ರ ಬದಲಾಗುತ್ತಾ ಬಂತು.

ಜೆಟ್ ಯುಗ, ತುರ್ತು ಪರಿಸ್ಥಿತಿ, ವಜಾ

ಜೆಆರ್‌ಡಿ ಕಾಲದ ಏರ್ ಇಂಡಿಯಾದ ಬಗ್ಗೆ ಹೊಗಳಿಕೆ ಧಾರಾಳವಾಗಿ ಸಿಗುತ್ತದೆ. ಪ್ರಯಾಣಿಕರ ಜೊತೆ ಕೂತು ಹಾರುವುದು, ಪರದೆಯ ಬಣ್ಣದಿಂದ ಕಾಫಿಯ ರುಚಿಯವರೆಗೆ ಟಿಪ್ಪಣಿ ಬರೆದು ಕಳಿಸುವುದು ಇತ್ಯಾದಿ. 1960ರಲ್ಲಿ ಬೋಯಿಂಗ್ 707 ಬಂತು, ಅದೇ ವರ್ಷ ನ್ಯೂಯಾರ್ಕ್‌ಗೆ ಸೇವೆ ಶುರುವಾಯಿತು. ಸರ್ಕಾರಿ ಸಂಸ್ಥೆಯೊಂದು ಜಗತ್ತಿನ ಒಳ್ಳೆಯ ವಿಮಾನ ಸಂಸ್ಥೆಗಳಲ್ಲಿ ಒಂದು ಅನಿಸಿಕೊಂಡಿತ್ತು ಎಂಬುದು ಇಲ್ಲಿ ಮುಖ್ಯ. ಸರ್ಕಾರದ್ದು ಅಂದರೆ ಕೆಡುತ್ತದೆ ಎಂದು ನಮಗೆ ದಿನಾ ಪಾಠ ಹೇಳುವವರು ಈ ಕಾಲು ಶತಮಾನವನ್ನು ಹಾರಿಸಿ ಮಾತಾಡುತ್ತಾರೆ.

ಅದೇ ಜೆಆರ್‌ಡಿಯ ಇನ್ನೊಂದು ಮುಖವನ್ನೂ ನೋಡಲೇಬೇಕು. 1975ರಲ್ಲಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಹೇರಿದಾಗ ಅವರು ಅಮೆರಿಕದ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ ಅದನ್ನು ಸಮರ್ಥಿಸಿದರು. ಮುಷ್ಕರ, ಮೆರವಣಿಗೆ ಅತಿಯಾಗಿದ್ದವು, ಕಚೇರಿಯಿಂದ ಬೀದಿಗೆ ಕಾಲಿಡುವುದೇ ಕಷ್ಟವಾಗಿತ್ತು, ಸಂಸದೀಯ ಪದ್ಧತಿ ನಮ್ಮ ಅಗತ್ಯಕ್ಕೆ ಒಗ್ಗುವುದಿಲ್ಲ ಎಂಬುದು ಅವರ ಮಾತಿನ ಸಾರ. ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದ ಹೊತ್ತಿನಲ್ಲಿ ದೇಶದ ಅತ್ಯಂತ ಗೌರವಾನ್ವಿತ ಉದ್ಯಮಿ ಆಡಿದ ಮಾತು ಇದು. ಆ ಜೈಲುಗಳಲ್ಲಿ ಬೆಂಗಳೂರಿನದೂ ಒಂದು. ನಮ್ಮ ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಸ್ವಲ್ಪ ದಿನದಲ್ಲೇ ತೀರಿಕೊಂಡರು. ವೇಳೆಗೆ ಸರಿಯಾಗಿ ವಿಮಾನ ಹಾರಿಸುವ ಶಿಸ್ತನ್ನು ಮೆಚ್ಚುವ ಮನಸ್ಸು, ಜನರನ್ನೂ ಹಾಗೇ ಸಾಲಾಗಿ ನಿಲ್ಲಿಸಬಹುದು ಅಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ. ಇವತ್ತಿನ ಉದ್ಯಮಪತಿಗಳ ಮೌನವನ್ನು, ಜೈಕಾರವನ್ನು ನೋಡುವವರಿಗೆ ಇದು ಹೊಸದಲ್ಲ.

1978ರ ಹೊಸ ವರ್ಷದ ದಿನ ಏರ್ ಇಂಡಿಯಾದ ಜಂಬೋ ವಿಮಾನ ಎಂಪರರ್ ಅಶೋಕ ಬಾಂಬೆಯಿಂದ ಎದ್ದ ಕೆಲವೇ ಕ್ಷಣದಲ್ಲಿ ಸಮುದ್ರಕ್ಕೆ ಬಿತ್ತು. 213 ಜನ ಸತ್ತರು. ಸುಮಾರು ಒಂದು ತಿಂಗಳಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆಆರ್‌ಡಿಯನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅಧಿಕೃತ ಪತ್ರ ಕೈಸೇರುವ ಮೊದಲೇ ಬೇರೆಯವರ ಬಾಯಿಂದ ಅವರಿಗೆ ಗೊತ್ತಾಯಿತು. 45 ವರ್ಷ ಕಟ್ಟಿದವರನ್ನು ಕಳಿಸುವ ರೀತಿ ಅದಲ್ಲ. ತುರ್ತು ಪರಿಸ್ಥಿತಿಯ ವಿರುದ್ಧ ಗೆದ್ದು ಬಂದ ಸರ್ಕಾರವೂ ಮರ್ಯಾದೆ ಮರೆತಿತು. 1980ರಲ್ಲಿ ಇಂದಿರಾ ಮತ್ತೆ ಮಂಡಳಿಗೆ ಸೇರಿಸಿದರು, ಅಧ್ಯಕ್ಷರಾಗಿ ಅಲ್ಲ.

1982ರ ಅಕ್ಟೋಬರ್ 15ಕ್ಕೆ ಐವತ್ತು ವರ್ಷ ತುಂಬಿತು. 78ರ ಮುದುಕ ಹಳೆಯ ಕಾಲದ ಲೆಪರ್ಡ್ ಮಾತ್ ವಿಮಾನ ಏರಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬಾಂಬೆಗೆ ಒಬ್ಬರೇ ಹಾರಿ ಬಂದರು. ಪಾಕಿಸ್ತಾನದಲ್ಲಿ ಆಗ ಜಿಯಾ ಉಲ್ ಹಕ್‌ರ ಸೇನಾ ಆಡಳಿತವಿತ್ತು. ಎರಡು ಯುದ್ಧಗಳ ನೆನಪು ಇನ್ನೂ ಹಸಿಯಾಗಿತ್ತು. ಆದರೂ ಹಾರಾಟಕ್ಕೆ ಅಡ್ಡಿಯಾಗಲಿಲ್ಲ. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಮಣ್ಣಾಗಿದ್ದು ಹುಟ್ಟಿದ ಪ್ಯಾರಿಸ್‌ನಲ್ಲೇ.

ಈಗ ಗಂಟೆಗಳ ಲೆಕ್ಕ

ಅವರು ಹಾರಿದ ಆ ಮೊದಲ ದಾರಿ ಈಗ ಏನಾಗಿದೆ? ಮುಂಬೈ–ಕರಾಚಿ ನೇರ ದೂರ ಸುಮಾರು 870 ಕಿ.ಮೀ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯ ದಾರಿ. ಆದರೆ ನೇರ ವಿಮಾನವೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರು ಆಕಾಶವನ್ನೇ ಮುಚ್ಚಿದವು. ಹೋಗಲೇಬೇಕು ಅಂದರೆ ದುಬೈ ಸುತ್ತಬೇಕು. ಅಲ್ಲಿಗೆ 1,900, ಅಲ್ಲಿಂದ ವಾಪಸ್ 1,200, ಒಟ್ಟು ಮೂರು ಸಾವಿರ ಕಿ.ಮೀ. ದಾಟುತ್ತದೆ. ನಡುವೆ ಕಾಯುವ ಹೊತ್ತು ಸೇರಿಸಿದರೆ, 1932ರಲ್ಲಿ ಎತ್ತಿನ ಗಾಡಿಯ ಪೆಟ್ರೋಲ್ ಹಾಕಿಸಿಕೊಂಡು ಏಳೂಕಾಲು ಗಂಟೆಯಲ್ಲಿ ಮುಟ್ಟಿದ ಪಸ್ ಮಾತ್ ಇವತ್ತಿನ ಜೆಟ್ ಪ್ರಯಾಣಿಕನಿಗಿಂತ ಹಿಂದಿರಲಿಲ್ಲ. ಯಂತ್ರ ಮುಂದೆ ಹೋಯಿತು, ರಾಜಕೀಯ ದೂರವನ್ನು ಹಿಗ್ಗಿಸಿತು.

ಏರ್ ಇಂಡಿಯಾ 2022ರ ಜನವರಿ 27ಕ್ಕೆ ಮತ್ತೆ ಟಾಟಾ ಕೈಗೆ ಹೋಯಿತು. ಬೆಲೆ 18,000 ಕೋಟಿ, ಅದರಲ್ಲಿ ಸರ್ಕಾರಕ್ಕೆ ನಗದಾಗಿ ಬಂದದ್ದು 2,700 ಕೋಟಿ. ಉಳಿದದ್ದು ಸಾಲ ಹೊರುವ ಲೆಕ್ಕ. ಮನೆಗೆ ಮರಳಿದ ಮಗು ಅಂತ ಟಿವಿಗಳು ಭಾವುಕವಾದವು. ಆ ಮನೆಯನ್ನು ಕಟ್ಟಿದ್ದರಲ್ಲಿ ಸಾರ್ವಜನಿಕ ದುಡ್ಡಿನ 68 ವರ್ಷವೂ ಇತ್ತು ಎಂಬುದನ್ನು ಯಾರೂ ಹೇಳಲಿಲ್ಲ.

ನಮ್ಮ ಕಡೆಗೆ ಬರೋಣ. ಬಳ್ಳಾರಿ ಹತ್ತಿರದ ಚಾಗನೂರು–ಸಿರಿವಾರದಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ಅಂತ ಜಮೀನು ತೆಗೆದುಕೊಳ್ಳಲು ಹೊರಟಾಗ ನೀರಾವರಿ ಭೂಮಿ ಬಿಡೆವು ಅಂತ ರೈತರು ಹೋರಾಡಿದರು. ಭೂಮಿ ವಶವಾಯಿತು, ವಿಮಾನ ಮಾತ್ರ ಹಾರಲಿಲ್ಲ. ಈಗ ಇರುವುದು ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯ ವಿದ್ಯಾನಗರ ನಿಲ್ದಾಣ. ಉಡಾನ್ ಯೋಜನೆಯಲ್ಲಿ 2017ರಲ್ಲಿ ಟ್ರೂಜೆಟ್ ಅಲ್ಲಿಗೆ ಹಾರಾಟ ಶುರು ಮಾಡಿತು. 2022ರಲ್ಲಿ ಆ ಕಂಪನಿಯೇ ನಿಂತಿತು. ಆಮೇಲೆ ಬೇರೆ ಕಂಪನಿ ಬಂತು.

ಉಡಾನ್ ಅಂದರೆ ಏನು ಅಂತ ಗೊತ್ತಿರಲಿ. ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ ಎಂದು ಶುರುವಾದ ಯೋಜನೆ. ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಹವಾಯಿ ಚಪ್ಪಲಿಯವರೂ ವಿಮಾನ ಹತ್ತಲಿ ಎಂಬ ಘೋಷಣೆ. 2023ರ ಸಿಎಜಿ ವರದಿ ನೋಡಿದರೆ, ಮೊದಲ ಮೂರು ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಿರಲಿಲ್ಲ. ಸಬ್ಸಿಡಿ ಅವಧಿ ಮುಗಿದ ಮೇಲೂ ಉಳಿದದ್ದು 54.

ತೆಲಿಗಿಯಿಂದ ಹೊರಟವನ ಲೆಕ್ಕ ಹೇಳುತ್ತೇನೆ. ಬೆಂಗಳೂರಿಗೆ ರಸ್ತೆಯಲ್ಲಿ ಮುನ್ನೂರು ಕಿ.ಮೀ. ಆಸುಪಾಸು, ಆರು ಗಂಟೆ ಹಿಡಿಯಿರಿ. ವಿಮಾನದಲ್ಲಿ ಹೋಗುತ್ತೇನೆ ಅಂದರೆ ಮೊದಲು ನೂರು ಕಿ.ಮೀ. ದಾಟಿ ಈಶಾನ್ಯಕ್ಕೆ, ತೋರಣಗಲ್ಲಿಗೆ ಹೋಗಬೇಕು. ಸುಮಾರು ಮೂರು ಗಂಟೆ. ಮುಂಚಿತವಾಗಿ ಮುಟ್ಟಿ ಕಾಯುವುದು ಒಂದು ಗಂಟೆ. 250 ಕಿ.ಮೀ. ಹಾರಾಟ ಒಂದು ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೊಂದು ಗಂಟೆ ಮೀರುತ್ತದೆ. ಎಲ್ಲಾ ಕೂಡಿಸಿ, ಬಸ್ಸೇ ಸರಿ. ಇದರಿಂದ ವಿಮಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟು ಹೊತ್ತು ಉಳಿಯುತ್ತದೆ, ಯಾರಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕದೆ ನಿಲ್ದಾಣ ಕಟ್ಟುವುದು, ಅದಕ್ಕಾಗಿ ಹೊಲ ಕಿತ್ತುಕೊಳ್ಳುವುದು ತಪ್ಪು.

ಭೂಪಟದಲ್ಲಿ ಸ್ಕೇಲ್ ಇಟ್ಟು ಮುಂಬೈನಿಂದ ಬೆಂಗಳೂರಿಗೆ ಗೆರೆ ಎಳೆಯಿರಿ. ಅದು ಕೊಟ್ಟೂರು, ಕೂಡ್ಲಿಗಿಗಳ ಪಕ್ಕದಲ್ಲೇ ಹಾದು ಹೋಗುತ್ತದೆ. ಅದರ ಕೆಳಗೆ, ಹರಪನಹಳ್ಳಿ–ಕೂಡ್ಲಿಗಿ–ಹಡಗಲಿಯ ತಾಂಡಾಗಳಿಂದ, ಊರುಗಳಿಂದ ಜನ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ, ಮಕ್ಕಳ ಸಮೇತ. ಜೆಆರ್‌ಡಿಯ ತಲೆಮಾರು ದೂರವನ್ನು ಗಂಟೆಗೆ ಇಳಿಸಿತು, ಅದಕ್ಕೆ ಸಲಾಂ ಹೇಳಬೇಕು. ಆ ಉಳಿದ ಗಂಟೆಗಳನ್ನು ಹಂಚುವ ಕೆಲಸ ಉದ್ಯಮಿಗಳದಲ್ಲ, ರಾಜಕೀಯದ್ದು, ಅಂದರೆ ನಮ್ಮದು. ಮುಂದಿನ ಚುನಾವಣೆಯಲ್ಲಿ ಯಾರಾದರೂ ನಿಮ್ಮ ಊರಿಗೆ ಏರ್‌ಪೋರ್ಟ್ ತರುತ್ತೇನೆ ಅಂತ ಬಂದರೆ ಎರಡೇ ಪ್ರಶ್ನೆ ಕೇಳಿ: ಗುಳೆ ಹೋಗುವವರ ಬಸ್ಸಿಗೆ, ರೈಲಿಗೆ, ಊರಲ್ಲೇ ಕೂಲಿಗೆ ಏನು ಮಾಡಿದಿರಿ? ನಿಲ್ದಾಣಕ್ಕೆ ಅಂತ ಈಗಾಗಲೇ ತೆಗೆದುಕೊಂಡ ಹೊಲದ ಕಥೆ ಏನಾಯಿತು?